ವಾರ್ಫರಿನ್ ಮಾತ್ರೆಗೆ ಸನ್ಮಾನ

ಹೊಸದುರ್ಗದಲ್ಲಿ ಉಗ್ರಪ್ಪನ ಫ್ಲೆಕ್ಸ್ ಅಂಗಡಿಗೂ ನನ್ನ ಬೇಕರಿಗೂ ನಡುವೆ ಇರುವುದು ಒಂದೇ ಗೋಡೆ. ಇಬ್ಬರದೂ ಒಂದೇ ಕಸುಬು ಎಂದರೂ ತಪ್ಪಿಲ್ಲ. ಅವನು ಬ್ಯಾನರಿನ ಮೇಲೆ ಜನರ ಹೆಸರು ಹಾಕುತ್ತಾನೆ, ನಾನು ಕೇಕಿನ ಮೇಲೆ ಹಾಕುತ್ತೇನೆ. ಅವನು ಹಾಕಿದ್ದು ಬಿಸಿಲಿಗೆ ಮಾಸಿ ಹೋಗುತ್ತದೆ, ನಾನು ಹಾಕಿದ್ದನ್ನು ಜನ ಚಪ್ಪಾಳೆ ತಟ್ಟುತ್ತಾ ಕತ್ತರಿಸಿ ತಿಂದುಬಿಡುತ್ತಾರೆ. ಹಾಗಾಗಿ ಹೆಸರಿನ ವಿಚಾರದಲ್ಲಿ ನನಗೆ ಒಂದು ಬಗೆಯ ವೈರಾಗ್ಯ ಬಂದಿದೆ. ಉಗ್ರಪ್ಪನಿಗೆ ಇನ್ನೂ ಬಂದಿಲ್ಲ.

ಹೆಸರು ಬರೆಸದೆ ಕೊಟ್ಟದ್ದು ಕಳೆದುಹೋದದ್ದಕ್ಕೆ ಸಮ ಎಂಬುದು ಅವನ ಸಿದ್ಧಾಂತ. ಅವನೊಬ್ಬನದೇ ಅಲ್ಲ, ನಮ್ಮ ಸೀಮೆಯವರೆಲ್ಲರದೂ ಅದೇ. ಮದುವೆಗೆ ಕೊಟ್ಟ ಸ್ಟೀಲ್ ಬಿಂದಿಗೆಯ ಕಂಠದಲ್ಲಿ ಕೊಟ್ಟವರ ಹೆಸರಿರುತ್ತದೆ. ಗುಡಿಯ ಟ್ಯೂಬ್‌ಲೈಟಿನ ಮೇಲೆ ಕೊಟ್ಟವರ ವಂಶಾವಳಿಯೇ ಇರುತ್ತದೆ, ಉಳಿದ ಜಾಗದಲ್ಲಿ ಬೆಳಕು ಬರುತ್ತದೆ. ನಾವು ಓದಿದ ಸರ್ಕಾರಿ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳ ಸಂಘದಿಂದ ಫ್ಯಾನು ಕೊಟ್ಟಾಗ ಮೂರು ರೆಕ್ಕೆಗಳ ಮೇಲೂ ಪದಾಧಿಕಾರಿಗಳ ಹೆಸರು ಬರೆಸಿದೆವು. ಕರೆಂಟು ಹೋದಾಗ ಮಾತ್ರ ಅವನ್ನು ಓದಲಿಕ್ಕಾಗುತ್ತದೆ. ಪುಣ್ಯಕ್ಕೆ ಕರೆಂಟು ಆಗಾಗ ಹೋಗುತ್ತಿರುವುದರಿಂದ ನಮ್ಮ ಕೀರ್ತಿಗೇನೂ ಧಕ್ಕೆಯಿಲ್ಲ. ಆ ಸಂಘಕ್ಕೆ ಉಗ್ರಪ್ಪ ಕಾರ್ಯದರ್ಶಿ. ನಾನು, ಅಂದರೆ ದೊಡ್ಡತಿಮ್ಮಪ್ಪ, ಅಧ್ಯಕ್ಷ. ಸಭೆ ಇದ್ದಾಗ ಬನ್ನು ಒದಗಿಸುವುದು ಅಧ್ಯಕ್ಷರ ಕರ್ತವ್ಯ.

ಉಗ್ರಪ್ಪನಿಗೆ ಒಬ್ಬಳೇ ಅಕ್ಕ, ಜುಂಜಮ್ಮ. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು, ಕುರಿ ಕಾಯುತ್ತಲೇ ಬೆಳೆಸಿದವಳು. ಊರಾಚೆಯ ಹಟ್ಟಿಯಲ್ಲಿ ಮಗ ಜುಂಜೇಶ, ಸೊಸೆ ಕಾವ್ಯಶ್ರೀ, ಒಂದು ಮಂದೆ ಕುರಿ, ನಾಲ್ಕು ದನಗಳೊಂದಿಗೆ ಇದ್ದಾಳೆ. ಹೋದ ವರ್ಷ ಬೆಂಗಳೂರಿನಲ್ಲಿ ಅವಳ ಎದೆ ಕೊಯ್ದು, ಕೆಟ್ಟುಹೋಗಿದ್ದ ಹೃದಯದ ಕವಾಟವನ್ನು ತೆಗೆದು ಲೋಹದ ಕವಾಟ ಕೂರಿಸಿದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ದಿನವೂ ಸಂಜೆ ಒಂದು ಮಾತ್ರೆ, ಬದುಕಿರುವ ತನಕ. ಆ ಮಾತ್ರೆ ತಂದುಕೊಡುವುದು ಉಗ್ರಪ್ಪನ ಕೆಲಸ. ಬೇರೆ ಕೆಲಸಗಳಲ್ಲಿ ಅವನು ಹೇಗೋ ಏನೋ, ಇದರಲ್ಲಿ ಒಂದು ದಿನವೂ ತಪ್ಪಿದವನಲ್ಲ.

ಆವತ್ತು ಅವನು ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಶಾಪಿನಲ್ಲಿ ನಿಂತಿದ್ದ. ಅಂಗಡಿಯ ಸುಚಿತ್ರಾ ಒಳಗೆ ಹೋಗಿ ಮಾತ್ರೆ ಹುಡುಕುತ್ತಿದ್ದಳು. ಕೈಯಲ್ಲಿದ್ದ ಮಾತ್ರೆಯ ಖಾಲಿ ಪಟ್ಟಿಯ ಮೇಲಿನ ಹೆಸರನ್ನು ಉಗ್ರಪ್ಪ ಮೊದಲ ಸಲ ನಿಧಾನವಾಗಿ ಓದಿದ.

"ಅಲ್ಲಮ್ಮ ಸುಚಿತ್ರಾ, ವಾರ್ಫರಿನ್ ಅಂತ ಐತಲ್ಲ, ಇದು ಯಾರ ಹೆಸ್ರು?"

ಔಷಧಿಯ ಹೆಸರನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ಆದರೆ ಸುಚಿತ್ರಾ ಫಾರ್ಮಸಿ ಓದುವಾಗ ಇದನ್ನು ಉರು ಹೊಡೆದಿದ್ದಳು, ಪರೀಕ್ಷೆಯಲ್ಲಿ ಬಂದಿರಲಿಲ್ಲ. ಅಷ್ಟು ವರ್ಷಗಳ ಮೇಲೆ ಕೊನೆಗೂ ಒಬ್ಬ ಕೇಳಿದನಲ್ಲ ಎಂದು ಅವಳಿಗೆ ಖುಷಿಯಾಯಿತು.

"ಅಮೆರಿಕದಾಗೆ ವಿಸ್ಕಾನ್ಸಿನ್ ಅಂತ ಐತಣ್ಣ. ಅಲ್ಲಿ ಕಾಲೇಜಿನ ಹಳೇ ವಿದ್ಯಾರ್ಥಿಗಳು ಸೇರ್ಕೊಂಡು ಸಂಶೋಧನೆಗೆ ಸಹಾಯ ಮಾಡಾಕೆ ಒಂದು ಸಂಸ್ಥೆ ಕಟ್ಟಿದ್ರು. ಅವರ ಸಹಾಯದಿಂದಲೇ ಈ ಔಷಧಿ ಕಂಡುಹಿಡಿದಿದ್ದು. ಅದಕ್ಕೆ ಆ ಸಂಸ್ಥೆ ಹೆಸರಿನ ಮೊದಲಕ್ಷರ ಎಲ್ಲಾ ಕೂಡಿಸಿ ವಾರ್ಫ್ ಅಂತ ಮಾಡಿ, ಕೂಮರಿನ್ ಅನ್ನೋ ಪದಾರ್ಥದ ಬಾಲ ಕತ್ತರಿಸಿ ಹಿಂದೆ ಅಂಟಿಸಿದ್ರು. ವಾರ್ಫರಿನ್. ಮೊದ್ಲು ಇದನ್ನ ಏನಕ್ಕೆ ಬಳಸ್ತಿದ್ರು ಗೊತ್ತಾ..."

ಉಗ್ರಪ್ಪ ಅಷ್ಟು ಹೊತ್ತಿಗೆ ರಸ್ತೆ ದಾಟಿಯಾಗಿತ್ತು. ಹಳೇ ವಿದ್ಯಾರ್ಥಿಗಳು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವನು ನಿಲ್ಲುವ ಪೈಕಿಯಲ್ಲ. ಸುಚಿತ್ರಾಳ ಬಾಯಲ್ಲೇ ಉಳಿದ ಆ ಅರ್ಧ ಮಾತು ಮುಂದೆ ಇಡೀ ತಾಲ್ಲೂಕಿಗೆ ಕೇಳಿಸಲಿತ್ತು.

ಬೇಕರಿಗೆ ಬಂದವನೇ ಕೌಂಟರ್ ಮೇಲೆ ಮಾತ್ರೆಯ ಪಟ್ಟಿಯನ್ನು ಬಡಿದ.

"ಅಧ್ಯಕ್ಷರೇ!"

ಅವನು ನನ್ನನ್ನು ತಿಮ್ಮಪ್ಪ ಎನ್ನದೆ ಅಧ್ಯಕ್ಷರೇ ಎಂದರೆ ಏನೋ ಕಾದಿದೆ ಎಂದೇ ಅರ್ಥ.

"ಅಮೆರಿಕದ ಹಳೇ ವಿದ್ಯಾರ್ಥಿಗಳ ಸಂಘ ಮಾತ್ರೆ ದಾನ ಮಾಡೈತೆ. ಮಾತ್ರೆ! ನಾವೇನ್ ಮಾಡಿದೀವಿ? ಫ್ಯಾನು. ನಮ್ ಹೆಸ್ರು ಒಂದು ರೂಮಿನಾಗೆ ತಿರುಗ್ತೈತೆ. ಅವರ ಹೆಸ್ರು ಪ್ರಪಂಚದ ಎಲ್ಲರ ಹೊಟ್ಟೇಲೂ ತಿರುಗ್ತೈತೆ!"

"ದಾನ ಎಲ್ಲಿಂದ ಬಂತಪ್ಪ? ನೀನೇ ತಿಂಗಳಾ ತಿಂಗಳಾ ಕೊಂಡ್ಕಂಡು ಹೋಗ್ತೀಯಲ್ಲ" ಎಂದೆ.

"ಹೆಸ್ರು ಐತೋ ಇಲ್ವೋ?"

"ಐತೆ."

"ಹೆಸ್ರು ಇದ್ದ ಮೇಲೆ ಅವ್ರು ದಾನಿಗಳು. ನಡುವೆ ಅಂಗಡಿಯೋರು ತಗಂಡ್ರೆ ಅವ್ರೇನ್ ಮಾಡ್ತಾರೆ?"

ನಾನು ಒಂದು ಬನ್ನು ತೆಗೆದು ಅವನ ಮುಂದಿಟ್ಟೆ. ನಮ್ಮೂರಿನಲ್ಲಿ ಈ ತರ್ಕ ಯಾರಿಗೂ ತಪ್ಪೆನಿಸುವುದಿಲ್ಲ.

ಮುಂದಿನ ಭಾನುವಾರ ಸಂಘದ ಗುರುವಂದನೆ ಇತ್ತು. ಅದೇ ವೇದಿಕೆಯಲ್ಲಿ ಅಮೆರಿಕದ ಸಹೋದರ ಸಂಘಕ್ಕೆ ಕೃತಜ್ಞತೆ ಸಲ್ಲಿಸುವುದೆಂದೂ, ಅದರಿಂದ ಸ್ಫೂರ್ತಿ ಪಡೆದು ನಮ್ಮ ಸಂಘವೂ ಒಂದು ಔಷಧಿಗೆ ಹೆಸರು ಕೊಡುವ ಸಂಕಲ್ಪ ಮಾಡುವುದೆಂದೂ ಕಾರ್ಯದರ್ಶಿಗಳು ತೀರ್ಮಾನಿಸಿದರು. ಯಾವ ಔಷಧಿ ಎಂದು ಕೇಳಿದೆ. ಅದು ಆಮೇಲಿನ ಮಾತು, ಮೊದಲು ಹೆಸರು ಆಗಲಿ ಎಂದ.

ಶನಿವಾರ ಫ್ಲೆಕ್ಸ್ ತಯಾರಾಯಿತು. ನಾನು ನೋಡಿದ ಫ್ಲೆಕ್ಸ್‌ಗಳಲ್ಲೇ ಅದು ಅತ್ಯಂತ ಗಂಭೀರವಾದದ್ದು. ನಡುವೆ ರೊಟ್ಟಿಯಷ್ಟಗಲದ ಮಾತ್ರೆ, ಅದರ ಸುತ್ತ ಪ್ರಭಾವಳಿ. ಮೇಲೆ 'ದಾನಿಗಳು' ಎಂಬ ತಲೆಬರಹದ ಕೆಳಗೆ ಕೋಟು ತೊಟ್ಟು ನಗುತ್ತಿರುವ ನಾಲ್ವರು ಬಿಳಿಯರು. ಇವರು ಯಾರು ಎಂದು ಕೇಳಿದ್ದಕ್ಕೆ, ಹಳೇ ವಿದ್ಯಾರ್ಥಿಗಳು ಎಂದ. ಅವರ ಹಲ್ಲು ನೋಡಿದರೆ ಟೂತ್‌ಪೇಸ್ಟ್ ಜಾಹೀರಾತಿನವರಂತಿದ್ದರು. ಕೆಳಗೆ, ಸರ್ಕಾರದ ಯೋಜನೆಗಳ ಜಾಹೀರಾತಿನಲ್ಲಿ ಇರುತ್ತದಲ್ಲ, ಅದೇ ರೀತಿ ಕೈಮುಗಿದು ನಿಂತ ಜುಂಜಮ್ಮ. ಅವಳ ಹೆಸರಿನ ಮುಂದೆ 'ಫಲಾನುಭವಿ' ಎಂದಿತ್ತು.

ಭಾನುವಾರ ಜುಂಜಮ್ಮ ಹಟ್ಟಿಯ ಅರ್ಧ ಜನರನ್ನು ಲಗೇಜ್ ಆಟೋದಲ್ಲಿ ತುಂಬಿಕೊಂಡು ಬಂದಳು. ಹೊಸ ಸೀರೆ ಉಟ್ಟಿದ್ದಳು. ತಮ್ಮ ತನ್ನನ್ನು ವೇದಿಕೆಗೆ ಹತ್ತಿಸುತ್ತಾನೆ ಎಂಬ ಸಂಭ್ರಮ ಅವಳ ಮುಖದ ತುಂಬಾ ಇತ್ತು. ಅವಳ ಮೈದುನ ಕಾಟಲಿಂಗಪ್ಪ ಮಾತ್ರ ಹಿಂದೆ ಕೈಕಟ್ಟಿ ನಿಂತು, ಅನುಮಾನಪಡಲು ಏನಾದರೂ ಸಿಗುತ್ತದೆಯೇ ಎಂದು ಎಲ್ಲ ಕಡೆ ಕಣ್ಣಾಡಿಸುತ್ತಿದ್ದ. ಅದು ಅವನ ಸ್ವಭಾವ. ಅವನು ಮದುವೆ ಊಟದಲ್ಲೂ ಪಾಯಸವನ್ನು ಮೊದಲು ಮೂಸಿ ನೋಡುತ್ತಾನೆ.

ಮುಖ್ಯ ಅತಿಥಿ ಕೃಷಿ ಇಲಾಖೆಯ ನಿವೃತ್ತ ಅಧಿಕಾರಿ ಪಾಪಣ್ಣನವರು. ವೇದಿಕೆಯ ಮೇಲೆ ಕೂತ ತಕ್ಷಣ ನಿದ್ದೆ ಮಾಡುವುದು ಅವರ ಬಹಳ ವರ್ಷಗಳ ಅಭ್ಯಾಸ. ಉಗ್ರಪ್ಪನ ಭಾಷಣದುದ್ದಕ್ಕೂ ಅವರು ಚೆನ್ನಾಗಿಯೇ ನಿದ್ದೆ ಮಾಡಿದರು. ಗುರುಗಳಿಗೆ ಹಾರ ಹಾಕಿದ್ದಾಯಿತು. ಜುಂಜಮ್ಮನಿಗೆ ಶಾಲು ಹೊದಿಸಿದ್ದಾಯಿತು. "ಇಂಥಾ ಮಹಾನ್ ವಾರ್ಫರಿನ್ ಮಾತ್ರೆಯ ಬಗ್ಗೆ ಮಾನ್ಯ ಮುಖ್ಯ ಅತಿಥಿಗಳು ನಾಲ್ಕು ಮಾತು ಆಡಬೇಕು" ಎಂದು ಉಗ್ರಪ್ಪ ಹೇಳಿದಾಗ ಪಾಪಣ್ಣನವರ ಕಣ್ಣು ಪಟ್ಟನೆ ತೆರೆಯಿತು.

"ಯಾವುದು? ವಾರ್ಫರಿನ್ನಾ?" ಎಂದು ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುಖ ಅರಳಿತು. "ಭೇಷ್! ಬಹಳ ಒಳ್ಳೇ ವಿಷಯ ತಗೊಂಡಿದ್ದೀರಿ. ನಮ್ಮ ಇಲಾಖೆಯ ಹಳೇ ಸ್ನೇಹಿತ ಅದು. ನಾನು ಸರ್ವೀಸಿಗೆ ಸೇರಿದ ಹೊಸದರಲ್ಲಿ ಹಳ್ಳಿ ಹಳ್ಳಿಗೆ ಹೋಗಿ ರೈತರಿಗೆ ಹೇಳಿಕೊಟ್ಟಿದ್ದೇನೆ. ಹಿಟ್ಟಿಗೆ ಕಲಸಿ ಬಿಲದ ಬಾಯಲ್ಲಿ ಇಡಬೇಕು. ಇಲಿ ಬರುತ್ತೆ, ನಂಬಿ ತಿನ್ನುತ್ತೆ. ದಿನಾ ತಿನ್ನುತ್ತೆ. ಆಮೇಲೆ ಒಳಗೊಳಗೇ ರಕ್ತ ಸೋರಿ ಒಂದು ದಿನ ತಣ್ಣಗಾಗುತ್ತೆ. ಒಳ್ಳೇ ರಿಸಲ್ಟು!"

ಸಭೆಯಲ್ಲಿ ಒಂದು ಮಗು ಅಳುತ್ತಿತ್ತು, ಅದೂ ನಿಲ್ಲಿಸಿತು. ಪಾಪಣ್ಣನವರು ಅತ್ಯಂತ ವಾತ್ಸಲ್ಯದಿಂದ ಜುಂಜಮ್ಮನ ಕಡೆ ತಿರುಗಿದರು.

"ತಾಯೀ, ಫಲಾನುಭವಿಗಳು ನೀವೇ ಅಲ್ವೇ? ನಿಮ್ಮ ಹೊಲದಾಗೆ ಈಗ ಇಲಿ ಕಾಟ ಹೆಂಗೈತೆ?"

ಜುಂಜಮ್ಮ ಶಾಲು ಸರಿಮಾಡಿಕೊಂಡಳು.

"ಹೊಲಕ್ಕಲ್ಲ ಸ್ವಾಮಿ," ಎಂದಳು. "ನಾನೇ ತಿಂತಾ ಇದೀನಿ."

ಪಾಪಣ್ಣನವರು ಕೂತುಬಿಟ್ಟರು. ಮೈಕು ತಾನಾಗಿಯೇ ಕುಯ್ಯೆಂದಿತು. ಹಿಂದಿನಿಂದ ಕಾಟಲಿಂಗಪ್ಪನ ದನಿ ಕೇಳಿತು. ಎಷ್ಟೋ ವರ್ಷಗಳಿಂದ ಕಾಯುತ್ತಿದ್ದ ಅನುಮಾನ ಕೊನೆಗೂ ಅವನಿಗೆ ಸಿಕ್ಕಿತ್ತು.

"ಎಲಾ ಇವ್ನ! ಪಾಷಾಣ ಕೊಡೋರನ್ನ ನೋಡಿದೀನಿ. ಪಾಷಾಣ ಕೊಟ್ಟು ಶಾಲು ಹೊದ್ಸೋನ್ನ ಇವತ್ತೇ ನೋಡಿದ್ದು!"

ಆಮೇಲೆ ನಡೆದದ್ದನ್ನು ಸಭೆ ಎನ್ನಲಾಗದು. ಹಟ್ಟಿಯವರು ಎದ್ದರು, ಅವರು ಎದ್ದರೆಂದು ಮಿಕ್ಕವರೂ ಎದ್ದರು, ಗುರುಗಳು ಹಾರಗಳ ಸಮೇತ ಹಿಂಬಾಗಿಲಿನಿಂದ ಹೊರಟರು. ಉಗ್ರಪ್ಪ ಕೈ ಮೇಲೆತ್ತಿ "ಡೋಸು ಬೇರೆ! ಡೋಸು ಬೇರೆ!" ಎಂದು ಕೂಗುತ್ತಿದ್ದ. ಬನ್ನುಗಳು ಹಾಗೇ ಉಳಿದವು. ಜುಂಜಮ್ಮ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು, ತಮ್ಮನ ಮುಖವನ್ನೂ ನೋಡದೆ ಆಟೋ ಹತ್ತಿದಳು.

ಅವತ್ತು ಸಂಜೆ ಅವಳು ಮಾತ್ರೆ ನುಂಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಸುಮ್ಮನಾಗುತ್ತಿದ್ದರು. ಉಗ್ರಪ್ಪನ ಬಳಿ ಪ್ರಿಂಟಿಂಗ್ ಮೆಷಿನ್ ಇತ್ತು. ತಪ್ಪು ತಿಳಿವಳಿಕೆ ಹೋಗಲಾಡಿಸಬೇಕೆಂದು ಸೋಮವಾರ ಬೆಳಗಾಗುವ ಹೊತ್ತಿಗೆ ಬಸ್ ಸ್ಟ್ಯಾಂಡ್ ಎದುರಿಗೆ ಹೊಸ ಫ್ಲೆಕ್ಸ್ ಕಟ್ಟಿದ. ಕೆಂಪು ಅಕ್ಷರದಲ್ಲಿ ಹೀಗಿತ್ತು: 'ಸ್ಪಷ್ಟೀಕರಣ. ನಾನು ನನ್ನ ಅಕ್ಕನಿಗೆ ಕೊಡುತ್ತಿರುವುದು ಇಲಿ ಪಾಷಾಣವಲ್ಲ. ಇಂತಿ, ಉಗ್ರಪ್ಪ.' ಕೆಳಗೆ ಅವನ ಫೋಟೋ, ಕೈಮುಗಿದುಕೊಂಡು.

ಅಲ್ಲಿಯವರೆಗೆ ವಿಷಯ ಗೊತ್ತಿದ್ದದ್ದು ಸಭೆಗೆ ಬಂದವರಿಗೆ ಮಾತ್ರ. ಈಗ ಹೊಳಲ್ಕೆರೆ ಬಸ್ಸಿನವರು ಓದಿಕೊಂಡು ಹೊಳಲ್ಕೆರೆಗೆ ಹೋದರು, ಹಿರಿಯೂರು ಬಸ್ಸಿನವರು ಓದಿಕೊಂಡು ಹಿರಿಯೂರಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಹಿರಿಯೂರಿನಿಂದ ನನ್ನ ಷಡ್ಡಕ ಫೋನ್ ಮಾಡಿ, "ಅಲ್ಲೋ, ನಿಮ್ಮೂರಾಗೆ ಯಾವನೋ ಅಕ್ಕನ್ನ ಕೊಂದು ಫ್ಲೆಕ್ಸ್ ಹಾಕ್ಸಿದಾನಂತೆ?" ಎಂದು ಕೇಳಿದ.

ಮಂಗಳವಾರ ಮಧ್ಯಾಹ್ನ ಠಾಣೆಯಿಂದ ಹೆಡ್ ಕಾನ್‌ಸ್ಟೆಬಲ್ ಬಂದರು. ಕಾಟಲಿಂಗಪ್ಪ ದೂರು ಕೊಟ್ಟಿದ್ದ. ಅವರು ನನ್ನ ಬೇಕರಿಯಲ್ಲಿ ಕೂತು, ಎರಡು ಪಫ್ ತಿಂದು, ಮೊಬೈಲಿನಲ್ಲಿದ್ದ ಮೊದಲ ಫ್ಲೆಕ್ಸಿನ ಫೋಟೋವನ್ನು ಹಿಗ್ಗಿಸಿ ಉಗ್ರಪ್ಪನಿಗೆ ತೋರಿಸಿದರು.

"ಈ ನಾಲ್ಕು ಜನ ಯಾರು?"

"ದಾನಿಗಳು ಸಾರ್."

"ಇವ್ರು ಕೊಟ್ಟಿದ್ದು, ನೀನು ತಂದಿದ್ದು, ಅಮ್ಮ ತಿಂದಿದ್ದು. ಅಲ್ವಾ? ಹಂಗಾದ್ರೆ ಇವ್ರೇ ಎ ಒನ್ನು ಆರೋಪಿ. ಎಲ್ಲವ್ರೆ ಇವ್ರು?"

"ಅಮೆರಿಕದಾಗೆ ಸಾರ್."

"ತಲೆ ಮರೆಸ್ಕೊಂಡವ್ರೆ ಅನ್ನು. ಅಡ್ರೆಸ್ ಹೇಳು."

ಅಷ್ಟರಲ್ಲಿ ರಸ್ತೆಯ ಆಚೆಯಿಂದ ಸುಚಿತ್ರಾ ಓಡಿಬಂದಳು. ಅವಳು ಕೋಪದಲ್ಲಿದ್ದಳು. ಎ ಒನ್ನು ಎ ಟೂ ಎಲ್ಲ ಪಕ್ಕಕ್ಕಿಟ್ಟು ಒಂದೇ ಮಾತು ಕೇಳಿದಳು.

"ಜುಂಜಮ್ಮ ಮಾತ್ರೆ ನುಂಗ್ತವ್ರೋ ಇಲ್ವೋ?"

"ಭಾನುವಾರದಿಂದ ಮುಟ್ಟಿಲ್ಲಂತೆ. ಕಾವ್ಯಶ್ರೀ ಫೋನ್ ಮಾಡಿದ್ಲು" ಎಂದ ಉಗ್ರಪ್ಪ.

ಸುಚಿತ್ರಾ ಕೌಂಟರಿಗೆ ಕೈ ಊರಿದಳು. "ಅಣ್ಣಾ, ಎದೆಯೊಳಗೆ ಲೋಹದ ಕವಾಟ ಐತೆ. ಮಾತ್ರೆ ಬಿಟ್ರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತೆ. ಕವಾಟ ಕಚ್ಕಂಡ್ರೆ ಮುಗೀತು, ಹೆಪ್ಪು ಮೆದುಳಿಗೆ ಹೋದ್ರೂ ಮುಗೀತು. ಎರಡು ಸಂಜೆ ತಪ್ಪೈತೆ. ಮೂರನೇದು ತಪ್ಪಬಾರದು."

ಉಗ್ರಪ್ಪ ಬೇಕರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ನಾನು ಅವನನ್ನು ಹತ್ತನೇ ತರಗತಿಯಿಂದ ನೋಡಿದ್ದೇನೆ, ಗಣಿತದಲ್ಲಿ ಸೊನ್ನೆ ಬಂದಾಗಲೂ ಅವನ ಮುಖ ಹಾಗಾಗಿರಲಿಲ್ಲ. ಹೆಡ್ ಕಾನ್‌ಸ್ಟೆಬಲ್ ಕೂಡ ಮೊಬೈಲ್ ಜೇಬಿಗಿಟ್ಟು, "ಮೊದ್ಲು ಅಮ್ಮನ್ನ ಉಳಿಸ್ಕಳ್ರಪ್ಪ, ಅಮೆರಿಕದೋರನ್ನ ಆಮೇಲೆ ಹಿಡಿಯಾಣ" ಎಂದರು.

ಸುಚಿತ್ರಾ ಜುಂಜಮ್ಮನನ್ನು ನೋಡುತ್ತಿದ್ದ ಚಿತ್ರದುರ್ಗದ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಆ ಕಡೆಯಿಂದ ಬೈದದ್ದು ಪಕ್ಕದ ಹೂವಿನಂಗಡಿಗೂ ಕೇಳಿಸಿತು. ಇವತ್ತು ಸಂಜೆ ಎಂದಿನ ಮಾತ್ರೆಯನ್ನು ಎಂದಿನಷ್ಟೇ ನುಂಗಬೇಕು, ತಪ್ಪಿದ್ದಕ್ಕೆಂದು ಜಾಸ್ತಿ ನುಂಗಬಾರದು, ನಾಳೆ ಬೆಳಗ್ಗೆ ರಕ್ತ ಪರೀಕ್ಷೆಗೆ ಕರೆತರಬೇಕು. ಅಷ್ಟನ್ನೂ ಹೇಳಿ ಸುಚಿತ್ರಾ ಉಗ್ರಪ್ಪನ ಎದುರಿಗೆ ಸ್ಟೂಲ್ ಎಳೆದು ಕೂತಳು. "ಅವತ್ತು ನೀನು ಅರ್ಧ ಕೇಳಿಸ್ಕಂಡು ಓಡಿದ್ದಕ್ಕೆ ಇಷ್ಟೆಲ್ಲಾ ಆಗಿದ್ದು. ಈಗ ಪೂರ್ತಿ ಕೇಳಿಸ್ಕಂಡು ಹೋಗು" ಎಂದು ಆ ಮಾತ್ರೆಯ ಹುಟ್ಟನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಉಗ್ರಪ್ಪ ಜೀವಮಾನದಲ್ಲಿ ಮೊದಲ ಸಲ ಒಂದು ಪಾಠವನ್ನು ಕೊನೆಯವರೆಗೂ ಕೇಳಿದ.

ನನ್ನ ಸ್ಕೂಟರಿನಲ್ಲಿ ಹಟ್ಟಿಗೆ ಹೋದೆವು. ಮುಳ್ಳುಬೇಲಿಯ ಬಾಯಲ್ಲೇ ಕಾಟಲಿಂಗಪ್ಪ ನಿಂತಿದ್ದ.

"ಬಾ ಬಾವ ಬಾ. ಇವತ್ತೇನ್ ತಂದಿದೀಯ? ಹಾರ ತಂದಿದೀಯೋ ಹೆಂಗೆ?"

ಉಗ್ರಪ್ಪ ಅವನನ್ನು ದಾಟಿಕೊಂಡು ನಡೆದ. ಒಳಗೆ ಹುಣಸೆ ಮರದ ಕೆಳಗೆ ಜುಂಜಮ್ಮ ಕಂಬಳಿ ಹಾಸಿಕೊಂಡು ಕೂತಿದ್ದಳು. ಕಾವ್ಯಶ್ರೀ ಪಕ್ಕದಲ್ಲಿ ನಿಂತಿದ್ದಳು, ಕಣ್ಣು ಊದಿಕೊಂಡಿದ್ದವು. ದಿನಾ ಸಂಜೆ ಮಾತ್ರೆ ಕೊಡುತ್ತಿದ್ದವಳು ಅವಳಲ್ಲವೇ, ಎರಡು ದಿನದಿಂದ ಹಟ್ಟಿಯ ಹೆಂಗಸರು ಅವಳ ಕೈಯಲ್ಲಿ ನೀರನ್ನೂ ಮುಟ್ಟಿರಲಿಲ್ಲ.

"ಮಾವ, ಕಾಲಿಗೆ ಬಿದ್ದೆ, ಆದ್ರೂ ಅತ್ತೆ ನುಂಗವಲ್ರು" ಎಂದಳು.

ಉಗ್ರಪ್ಪ ಜೇಬಿನಿಂದ ಮಾತ್ರೆ ತೆಗೆದು ಅಕ್ಕನ ಮುಂದೆ ಹಿಡಿದ. ಅವಳು ಮುಖ ತಿರುಗಿಸಿದಳು.

"ಇಲಿಗೆ ಹಾಕೋದು ಅಂತ ನಿಂಗೆ ಗೊತ್ತಿತ್ತೇನ್ಲೇ?"

"ಇಲ್ಲಕ್ಕ. ನಂಗೆ ಹೆಸ್ರು ಮಾತ್ರ ಗೊತ್ತಿತ್ತು."

"ಈಗೇನ್ ಗೊತ್ತೈತೆ?"

"ಈಗ ಎಲ್ಲಾ ಗೊತ್ತೈತೆ. ಹೇಳ್ಲಾ?"

ಉಗ್ರಪ್ಪ ನೆಲದ ಮೇಲೆ ಕೂತ. ಸುತ್ತಲೂ ಹಟ್ಟಿಯವರು ಬಂದು ನಿಂತರು. ಹೊಡೆಯಲಿಕ್ಕೆ ಬಂದವರೂ ಇದ್ದರು, ಅವನು ಮಾತು ಮುಗಿಸಲಿ ಎಂದು ಕಾದರು.

"ಅಮೆರಿಕದಾಗೆ ಒಬ್ಬ ರೈತ ಇದ್ದ. ಹಸು ಸಾಕಿದ್ದ. ಅವನ ಹಸುಗಳು ಇದ್ದಕ್ಕಿದ್ದಂಗೆ ರಕ್ತ ಸೋರಿ ಸಾಯಾಕೆ ಹತ್ತಿದ್ವು."

"ಯಾಕೆ?" ಎಂದ ಒಬ್ಬ ಮುದುಕ. ದನದ ವಿಷಯ ಬಂದ ಮೇಲೆ ಜಗಳ ಎರಡನೆಯದು.

"ಒಣಗಿಸಿಟ್ಟ ಮೇವಿಗೆ ಬೂಷ್ಟು ಹಿಡಿದಿತ್ತು. ಅದನ್ನೇ ಹಾಕಿದ್ದ."

"ಬೂಷ್ಟು ಹಿಡಿದ ಮೇವು ಹಾಕ್ತಾರೇನಲೇ? ತಿಳಿಗೇಡಿ!" ಎಂದ ಮುದುಕ. ಹಟ್ಟಿಯವರೆಲ್ಲ ಒಂದೇ ದನಿಯಿಂದ ಆ ಅಮೆರಿಕದ ರೈತನಿಗೆ ಛೀಮಾರಿ ಹಾಕಿದರು. ಕಾಟಲಿಂಗಪ್ಪ ಕೂಡ ಎರಡು ಹೆಜ್ಜೆ ಮುಂದೆ ಬಂದು, "ಮಳೆಗಾಲದಾಗೆ ಬಣವೆ ಮುಚ್ಚಿರಲ್ಲ ಬಡ್ಡಿಮಗ" ಎಂದ.

"ಮಳೆ ಅಲ್ಲ ಬಾವ, ಮಂಜು. ಮೊಣಕಾಲುದ್ದ ಮಂಜು ಬಿದ್ದಿತ್ತು. ಆ ಮಂಜಿನಾಗೆ ಅವನು ಸತ್ತ ಹಸುನ ಗಾಡಿಗೆ ಏರಿಸ್ಕಂಡ. ಹಾಲಿನ ಕ್ಯಾನಿನಾಗೆ ಅದರ ರಕ್ತ ತುಂಬ್ಕಂಡ. ಆ ಮೇವೂ ಒಂದಿಷ್ಟು ಹಾಕ್ಕಂಡ. ಇಲ್ಲಿಂದ ಬೆಂಗ್ಳೂರಿಗೂ ಆಚೆ ಆಗೋವಷ್ಟು ದೂರ ಗಾಡಿ ಹೊಡ್ಕಂಡು ಹೋಗಿ, ದೊಡ್ಡ ಕಾಲೇಜಿನ ಬಾಗಿಲಾಗೆ ನಿಂತು, ನನ್ನ ಹಸು ಯಾಕೆ ಸತ್ತಿದ್ದು ಹೇಳ್ರಿ ಅಂದ."

"ಮೈಮೇಲೆ ಕಂಬಳಿ ಇತ್ತಾ?" ಎಂದು ಯಾರೋ ಕೇಳಿದರು.

"ಇತ್ತು" ಎಂದ ಉಗ್ರಪ್ಪ. ಇದನ್ನು ಸುಚಿತ್ರಾ ಹೇಳಿರಲಿಲ್ಲ.

ಜುಂಜಮ್ಮ ಈಗ ಮುಖ ಈ ಕಡೆ ತಿರುಗಿಸಿದ್ದಳು. "ರಕ್ತ ಯಾಕ್ ಹೊತ್ಕಂಡು ಹೋದ?"

"ಅದು ಹೆಪ್ಪುಗಟ್ಟೇ ಇರ್ಲಿಲ್ಲಕ್ಕ. ನೀರಿನಂಗೇ ಇತ್ತು. ಅದನ್ನ ತೋರ್ಸಾಕೆ. ಕಾಲೇಜಿನೋರು ವರ್ಷಗಟ್ಟಲೆ ಕುಂತು, ಮೇವಿನಾಗೆ ರಕ್ತ ಕಟ್ಟದಂಗೆ ಮಾಡೋ ವಸ್ತು ಯಾವುದು ಅಂತ ಹುಡುಕಿದ್ರು. ಅದರ ಜಾಡು ಹಿಡ್ಕಂಡೇ ಆಮೇಲೆ ಇದನ್ನ ಮಾಡಿದ್ದು. ಮೊದ್ಲು ಇಲಿಗೆ ಹಾಕಿದ್ದು ನಿಜ. ಇಲಿಗೆ ವಿಷ ಆಗೋದೇ ಅಳತೆ ಮೇಲೆ ಕೊಟ್ರೆ ಮನುಷ್ಯರಿಗೆ ಮದ್ದು ಅಂತ ಆಮೇಲೆ ಗೊತ್ತಾತು."

ಜುಂಜಮ್ಮ ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದಳು.

"ಹಂಗಾದ್ರೆ ಆ ಹಸುಗೆ ಜಾ‌ಸ್ತಿ ಆಗಿ ಪ್ರಾಣ ತೆಗೆದಿದ್ದು, ನಂಗೆ ಒಂಚೂರು ಬೇಕು" ಎಂದಳು.

"ಅಷ್ಟೇ ಅಕ್ಕ. ಅಷ್ಟೇ."

ಮಾತ್ರೆಗೆ ಕೈ ಚಾಚುತ್ತಾಳೆ ಎಂದುಕೊಂಡೆವು. ಕಾವ್ಯಶ್ರೀ ನೀರಿನ ಲೋಟವನ್ನೂ ತಂದಳು. ಆದರೆ ಜುಂಜಮ್ಮನಿಗೆ ಇನ್ನೊಂದು ಪ್ರಶ್ನೆ ಇತ್ತು.

"ಇದಕ್ಕೆ ಹೆಸ್ರು ಯಾರದ್ದು ಇಟ್ರು ಅಂದೆ?"

"ಹಳೇ ವಿದ್ಯಾರ್ಥಿಗಳ ಸಂಸ್ಥೇದು."

"ಅವ್ರೇನ್ ಕೊಟ್ರು?"

"ದುಡ್ಡು ಕೊಟ್ರು."

"ಹಸು ಏನ್ ಕೊಡ್ತು?"

ಉಗ್ರಪ್ಪ ತಲೆ ಕೆರೆದುಕೊಂಡ. ಹೆಸರು ಹಾಕುವುದರಲ್ಲೇ ತಲೆ ನೆರೆತ ಮನುಷ್ಯ, ಈ ಸಣ್ಣ ಪ್ರಶ್ನೆ ಅವನಿಗೆ ಯಾವತ್ತೂ ಎದುರಾಗಿರಲಿಲ್ಲ. ನನಗೂ ಆಗಿರಲಿಲ್ಲ.

"ಏನ್ ಕೊಡ್ತು ಹೇಳಲೇ!"

"ಪ್ರಾಣ ಕೊಡ್ತಕ್ಕ."

"ಅದರ ಹೆಸ್ರೇನು?"

"ಯಾವುದರದ್ದು?"

"ಆ ಹಸುಂದು ಕಣೋ! ನಮ್ ದನ ಒಂದೊಂದಕ್ಕೂ ಒಂದೊಂದು ಹೆಸ್ರು ಐತೆ. ಅಷ್ಟು ದೂರ ಹೊತ್ಕಂಡು ಹೋದೋನು ಹೆಸ್ರಿಡದೆ ಸಾಕಿದ್ನೇನು?"

ಈ ಜಾಗದಲ್ಲಿ ನನಗೆ ಉಗ್ರಪ್ಪನ ಬಗ್ಗೆ ಭಯವಾಯಿತು. ಆ ರೈತನಿಗೆ ತಾನಾಗಿಯೇ ಕಂಬಳಿ ಹೊದಿಸಿದವನಿಗೆ ಹಸುವಿಗೊಂದು ಹೆಸರು ಹುಟ್ಟಿಸುವುದು ಕಷ್ಟವಲ್ಲ. ಆದರೆ ಅವನು ಅಕ್ಕನ ಮುಖ ನೋಡಿದ, ಕೈಯಲ್ಲಿದ್ದ ಮಾತ್ರೆ ನೋಡಿದ, ತಲೆ ತಗ್ಗಿಸಿದ.

"ಗೊತ್ತಿಲ್ಲಕ್ಕ. ಯಾರೂ ಬರೆದಿಟ್ಟಂಗಿಲ್ಲ. ನಂಗೆ ನಿಜವಾಗ್ಲೂ ಗೊತ್ತಿಲ್ಲ. ನೀನು ಮಾತ್ರೆ ನುಂಗು. ನೀನಿಲ್ದಿದ್ರೆ ನಂಗ್ಯಾರವ್ರೆ?"

ಇಷ್ಟು ಹೇಳಿ ಅವನು ಎಲ್ಲರೆದುರಿಗೆ ಸಣ್ಣ ಹುಡುಗನಂತೆ ಅತ್ತುಬಿಟ್ಟ. ಹೊಡೆಯಲಿಕ್ಕೆ ಬಂದವರು ಬೇರೆ ಕಡೆ ನೋಡಿದರು. ಕಾಟಲಿಂಗಪ್ಪ ಜೋರಾಗಿ ಕೆಮ್ಮಿ ಬೇಲಿಯ ಮುಳ್ಳು ಸರಿಮಾಡಲು ಹೋದ.

ಜುಂಜಮ್ಮ ಸೆರಗಿನಿಂದ ತಮ್ಮನ ಮೂಗು ಒರೆಸಿದಳು. ಸೂರ್ಯ ಇಳಿಯುತ್ತಿದ್ದ, ದನಗಳು ಹಟ್ಟಿಗೆ ಬರುವ ಹೊತ್ತು.

"ಅಳಬ್ಯಾಡ, ಸುಮ್ಕಿರು. ಗೊತ್ತಿಲ್ದಿದ್ರೆ ನಾವು ಇಡಾಣ. ಹೆಸ್ರಿಲ್ದಂಗೆ ಹೋದ ಜೀವ ಅದು. ಕೆಂಪಿ ಅಂತಿರ್ಲಿ." ಮಾತ್ರೆಯನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ನಿನ್ನ ಋಣ ತಾಯಿ" ಎಂದು ಬಾಯಿಗೆ ಹಾಕಿಕೊಂಡು, ಸೊಸೆಯ ಕೈಯಿಂದಲೇ ನೀರು ತೆಗೆದುಕೊಂಡು ಗಟಗಟನೆ ಕುಡಿದಳು.

ಮಾರನೆಯ ಬೆಳಗ್ಗೆ ಚಿತ್ರದುರ್ಗಕ್ಕೆ ಹೋದೆವು. ರಕ್ತದ ಪರೀಕ್ಷೆಯಾಯಿತು, ಎದೆಯ ಪರೀಕ್ಷೆಯಾಯಿತು. ಕವಾಟಕ್ಕೆ ಏನೂ ಆಗಿರಲಿಲ್ಲ. ಡಾಕ್ಟರು ಫೋನಿನಲ್ಲಿ ಬೈದದ್ದು ಸಾಲದೆಂಬಂತೆ ಉಗ್ರಪ್ಪನಿಗೆ ಎದುರಿಗೇ ಇನ್ನೊಂದು ಸುತ್ತು ಬೈದು, ಆಮೇಲೆ ಜುಂಜಮ್ಮನ ಕಡೆ ತಿರುಗಿದರು.

"ನೋಡಮ್ಮ, ನೀನು ನುಂಗೋ ಮಾತ್ರೆ ಯಾವುದು, ಯಾಕೆ ನುಂಗ್ತೀಯ, ನಿನಗೇ ಗೊತ್ತಿರಬೇಕು. ಹೇಳು, ಅದರ ಹೆಸರೇನು?"

"ಕೆಂಪಿ" ಎಂದಳು ಜುಂಜಮ್ಮ.

ಡಾಕ್ಟರು ಪೆನ್ನು ಕೆಳಗಿಟ್ಟು ಉಗ್ರಪ್ಪನನ್ನು ನೋಡಿದರು. ಉಗ್ರಪ್ಪ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಅದು ಏನಂದ್ರೆ ಸಾರ್..." ಎಂದು ಶುರುಮಾಡಿದ.

"ನೀನ್ ಕುಂತ್ಕ, ಅರ್ಧಂಬರ್ಧ ಹೇಳ್ತೀಯ" ಎಂದು ಜುಂಜಮ್ಮ ಅವನ ಅಂಗಿ ಹಿಡಿದು ಕೂರಿಸಿದಳು. ಆಮೇಲೆ ಕುರ್ಚಿಯ ಮೇಲೆ ಕಾಲು ಮಡಚಿ ನೆಟ್ಟಗೆ ಕೂತು, ಹೊರಗೆ ಸಾಲಿನಲ್ಲಿ ಕಾಯುತ್ತಿದ್ದವರಿಗೂ ಕೇಳುವ ಹಾಗೆ ದನಿ ಎತ್ತಿದಳು.

"ಡಾಕ್ಟ್ರೇ, ನಿಮಗೂ ಗೊತ್ತಿರಾಕಿಲ್ಲ, ಕೇಳ್ರಿ. ಅಮೆರಿಕದಾಗೆ ಕೆಂಪಿ ಅಂತ ಒಂದು ಹಸು ಇತ್ತು."